ಶಿರಾಜ್ ದ್ರಾಕ್ಷಿ ಮತ್ತು ಸಣ್ಣ ತೋಟದ ಕೆಂಪು ವೈನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದವನು. ಕೊಪ್ಪಳದ ಕಡೆ ಒಂದು ಸಣ್ಣ ದ್ರಾಕ್ಷಿ ತೋಟದಲ್ಲಿ ಮೂರು ಸುಗ್ಗಿ ಕೆಲಸ ಮಾಡಿದ್ದೇನೆ. ಹಣ್ಣು ಕೊಯ್ದೆ, ತೊಟ್ಟಿ ತುಳಿದೆ, ತೊಟ್ಟಿ ತೊಳೆದೆ. ನಿಜ ಹೇಳಬೇಕಂದ್ರೆ ಜಾಸ್ತಿ ತೊಳೆದದ್ದೇ. ವೈನ್ ಕೆಲಸದಲ್ಲಿ ಮುಕ್ಕಾಲು ಪಾಲು ಪಾತ್ರೆ ತೊಳೆಯುವುದೇ ಇರುತ್ತದೆ ಅಂತ ಯಾರೂ ಮೊದಲೇ ಹೇಳುವುದಿಲ್ಲ. ಊರಿಗೆ ಬಂದ ಮೇಲೆ ಮದುವೆ ಮನೆಯಲ್ಲಿ, ಲೈನ್ ಬಜಾರಿನಲ್ಲಿ, ಹುಬ್ಬಳ್ಳಿ ಬಸ್ಸಿನಲ್ಲಿ, ಎಲ್ಲಿ ಸಿಕ್ಕರೂ ಜನ ಅವೇ ಪ್ರಶ್ನೆ ಕೇಳುತ್ತಾರೆ. ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅಂತ ಇದು.

ಶಿರಾಜ್ ಅಂದ್ರೆ ಊರಾ, ದ್ರಾಕ್ಷಿನಾ, ಕಂಪನಿನಾ?

ದ್ರಾಕ್ಷಿ. ನಮ್ಮ ಕಾಕಾ ಮೊದಲ ಸಲ ಕೇಳಿದಾಗ ಹೋಟೆಲಿನ ಶಿರಾ ಅಂದುಕೊಂಡು, "ಅದರಾಗೂ ವೈನ್ ಮಾಡ್ತಾರೇನು?" ಅಂದರು. ಶಿರಾಗೂ ಇದಕ್ಕೂ ಸಂಬಂಧವಿಲ್ಲ.

ಶಿರಾಜ್ ಅನ್ನುವ ಊರು ಇರಾನಿನಲ್ಲಿದೆ, ಹಿಂದೆ ಅಲ್ಲಿಯ ವೈನ್ ಹೆಸರುವಾಸಿಯೂ ಆಗಿತ್ತು. ಹಾಗಾಗಿ ಈ ದ್ರಾಕ್ಷಿ ಅಲ್ಲಿಂದಲೇ ಫ್ರಾನ್ಸಿಗೆ ಹೋಯಿತು ಅನ್ನುವ ಕಥೆ ಬಹಳ ವರ್ಷ ಓಡಿತು. 1998ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿ ನೋಡಿದರೆ ಅಪ್ಪ-ಅಮ್ಮ ಇಬ್ಬರೂ ಫ್ರಾನ್ಸಿನ ಆಗ್ನೇಯ ಭಾಗದವರೇ: ಡ್ಯುರೆಜಾ ಅನ್ನುವ ಕಪ್ಪು ದ್ರಾಕ್ಷಿ, ಮೊಂಡ್ಯೂಸ್ ಬ್ಲಾಂಶ್ ಅನ್ನುವ ಬಿಳಿ ದ್ರಾಕ್ಷಿ. ಇಬ್ಬರಿಗೂ ಅಂಥಾ ದೊಡ್ಡ ಹೆಸರೇನಿಲ್ಲ. ಹೆಸರು ಮಾಡಿದ್ದು ಮಗ.

ಫ್ರಾನ್ಸಿನಲ್ಲಿ ಇದನ್ನು ಸಿರಾ ಅನ್ನುತ್ತಾರೆ. ಜೇಮ್ಸ್ ಬಸ್ಬಿ ಅನ್ನುವವರು 1831ರಲ್ಲಿ ಯುರೋಪ್ ಸುತ್ತಿ ಬಳ್ಳಿಯ ಕಡ್ಡಿಗಳನ್ನು ಕೂಡಿಸಿ ಆಸ್ಟ್ರೇಲಿಯಾಕ್ಕೆ ಕಳಿಸಿದರು. ಅಲ್ಲಿ ಅದು ಶಿರಾಜ್ ಆಯಿತು. ಎರಡೂ ಒಂದೇ ದ್ರಾಕ್ಷಿ. ನಮ್ಮ ದೇಶದ ಬಾಟಲಿಗಳ ಮೇಲೆ ಎರಡೂ ಹೆಸರು ಕಾಣುತ್ತವೆ. ಪೆಟಿಟ್ ಸಿರಾ ಅನ್ನುವುದು ಮಾತ್ರ ಬೇರೆ, ಅದು ಇದರ ಮಗ.

ತಿನ್ನುವ ದ್ರಾಕ್ಷಿಯಿಂದಲೇ ಮಾಡಿದರೆ ಆಗಲ್ವಾ? ವಿಜಯಪುರದಲ್ಲಿ ಬೇಕಾದಷ್ಟು ಬೆಳೀತಾರಲ್ಲ?

ವಿಜಯಪುರದ ದ್ರಾಕ್ಷಿ ಪಡಗಳಲ್ಲಿ ಹೆಚ್ಚಾಗಿ ಇರುವುದು ಥಾಮ್ಸನ್ ಮತ್ತು ಅದರ ತಳಿಗಳು. ಬೀಜವಿಲ್ಲ, ಸಿಪ್ಪೆ ತೆಳು, ಒಳಗೆ ತುಂಬಾ ನೀರು. ತಿನ್ನೋಕೆ, ಒಣದ್ರಾಕ್ಷಿ ಮಾಡೋಕೆ ಅದು ರಾಜ. ಕೆಂಪು ವೈನಿಗೆ ಬೇಕಾಗಿರುವುದು ಅದರ ಉಲ್ಟಾ.

ಶಿರಾಜ್ ಕಾಳು ಕಡಲೆಕಾಳಿಗಿಂತ ತುಸು ದೊಡ್ಡದು, ಅಷ್ಟೇ. ಬಾಯಿಗೆ ಹಾಕಿಕೊಂಡರೆ ಮೊದಲು ಸಿಪ್ಪೆ ಹಲ್ಲಿಗೆ ಸಿಗುತ್ತದೆ, ದಪ್ಪ. ಆಮೇಲೆ ಒಂದು ಚಮಚದಷ್ಟೂ ಇಲ್ಲದ ರಸ, ಅದು ಮಾತ್ರ ವಿಪರೀತ ಸಿಹಿ. ಹೌದು, ತಿನ್ನುವ ದ್ರಾಕ್ಷಿಗಿಂತ ವೈನ್ ದ್ರಾಕ್ಷಿ ಜಾಸ್ತಿ ಸಿಹಿ. ಅಂಗಡಿಯ ದ್ರಾಕ್ಷಿಯಲ್ಲಿ ಸಕ್ಕರೆ 18 ಬ್ರಿಕ್ಸ್ (ಅಂದ್ರೆ ನೂರು ಗ್ರಾಂ ರಸದಲ್ಲಿ ಸುಮಾರು 18 ಗ್ರಾಂ ಸಕ್ಕರೆ) ಆಸುಪಾಸು ಇದ್ದರೆ ಇದನ್ನು 24ರ ತನಕ ಬಳ್ಳಿಯಲ್ಲೇ ಬಿಡುತ್ತಾರೆ. ಆ ಸಕ್ಕರೆಯೇ ಹುದುಗಿ ಮದ್ಯ ಆಗುವುದು. 24 ಬ್ರಿಕ್ಸ್ ಇದ್ದರೆ ಹೆಚ್ಚುಕಡಿಮೆ 13.5ರಿಂದ 14 ಶೇಕಡಾ ಆಲ್ಕೋಹಾಲ್ ಬರುತ್ತದೆ.

ಸಕ್ಕರೆ ಅಳೆಯುವ ಮೀಟರ್ ನೋಡಿಯಷ್ಟೇ ಯಾರೂ ಕೊಯ್ಲು ಶುರು ಮಾಡುವುದಿಲ್ಲ. ನಮ್ಮ ತೋಟದ ಮೇಸ್ತ್ರಿ ಕಾಳು ಅಗಿದು ಬೀಜ ಅಂಗೈಗೆ ಉಗಿದು ನೋಡುತ್ತಿದ್ದರು. ಬೀಜ ಹಸಿರಿದ್ದರೆ ಇನ್ನೂ ಟೈಮ್ ಇದೆ. ಕಂದು ಬಣ್ಣಕ್ಕೆ ತಿರುಗಿ, ಕಡಿದರೆ ಹುರಿದ ಶೇಂಗಾದ ಹಾಗೆ ಕಟ್ ಅಂದರೆ ನಾಳೆ ಬೆಳಗ್ಗೆ ನಾಲ್ಕಕ್ಕೆ ಎಲ್ಲರೂ ಬುಟ್ಟಿ ಹಿಡಿದು ಹಾಜರ್. ನಾಲ್ಕಕ್ಕೇ ಯಾಕೆ ಅಂದ್ರೆ ಬಿಸಿಲಿಗೆ ಬಿಸಿಯಾದ ಹಣ್ಣು ತೊಟ್ಟಿಗೆ ಬರುವ ಮೊದಲೇ ಹುದುಗೋಕೆ ಶುರುವಾಗುತ್ತದೆ.

ಆ ಕೆಂಪು ಬಣ್ಣ ಎಲ್ಲಿಂದ ಬರುತ್ತೆ? ಬಣ್ಣ ಹಾಕ್ತಾರಾ?

ಇದಕ್ಕೆ ಉತ್ತರ ಬ್ಯಾಡಗಿ ಸಂತೆಯಲ್ಲಿದೆ. ಬ್ಯಾಡಗಿ ಮೆಣಸಿನಕಾಯಿಗೆ ಯಾಕೆ ಅಷ್ಟು ಬೆಲೆ? ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣ ಬೀಜದಲ್ಲಿಲ್ಲ, ಸಿಪ್ಪೆಯಲ್ಲಿದೆ. ದ್ರಾಕ್ಷಿಯದೂ ಅದೇ ಕಥೆ. ಕಪ್ಪನೆಯ ಶಿರಾಜ್ ಕಾಳನ್ನು ಮೆಲ್ಲಗೆ ಹಿಂಡಿ ನೋಡಿ, ರಸ ನೀರುಬಣ್ಣದ್ದು. ಬಣ್ಣ ಎಲ್ಲಾ ಸಿಪ್ಪೆಯಲ್ಲಿ. ಬಣ್ಣ ಅಷ್ಟೇ ಅಲ್ಲ, ಒಗರು ಮತ್ತು ಪರಿಮಳದ ಬಹುಪಾಲೂ ಅಲ್ಲೇ.

ಹಾಗಾಗಿ ಕೆಂಪು ವೈನಿಗೆ ರಸ ಸೋಸಿ ತೆಗೆಯುವುದಿಲ್ಲ. ಸಿಪ್ಪೆ, ಬೀಜ, ರಸ ಎಲ್ಲಾ ಒಟ್ಟಿಗೆ ತೊಟ್ಟಿಯಲ್ಲಿ ಬಿಡುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಮದ್ಯ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಗಾಳಿ ಮೇಲೇಳುವಾಗ ಸಿಪ್ಪೆಯನ್ನೆಲ್ಲ ಎತ್ತಿಕೊಂಡು ಬಂದು ಮೇಲೆ ದಪ್ಪ ಮುಚ್ಚಳದ ಹಾಗೆ ಕೂರಿಸುತ್ತದೆ. ಅದನ್ನು ಹಾಗೇ ಬಿಟ್ಟರೆ ಮೇಲ್ಭಾಗ ಒಣಗಿ ಹುಳಿಯುತ್ತದೆ, ಕೆಳಗಿನ ರಸಕ್ಕೆ ಬಣ್ಣವೂ ಇಳಿಯುವುದಿಲ್ಲ. ಅದಕ್ಕೇ ದಿನಕ್ಕೆ ಎರಡು ಮೂರು ಸಲ ಕೆಳಗೆ ಒತ್ತಬೇಕು.

ಅದು ನನ್ನ ಕೆಲಸವಾಗಿತ್ತು. ಉದ್ದ ಕೋಲು, ತುದಿಗೆ ತಟ್ಟೆಯಂಥದ್ದು. ಮೊದಲ ದಿನ ಸಲೀಸು. ಮೂರನೇ ದಿನ ಆ ಮುಚ್ಚಳ ಎಷ್ಟು ಗಟ್ಟಿಯಾಗುತ್ತದೆ ಅಂದ್ರೆ ಪೂರ್ತಿ ಮೈಭಾರ ಹಾಕಿದರೂ ಕೋಲು ಇಳಿಯಲ್ಲ, ಆಮೇಲೆ ಒಮ್ಮೆಗೇ ಜರ್ರನೆ ಇಳಿಯುತ್ತದೆ, ಕೆಳಗಿಂದ ಗುಲಾಬಿ ನೊರೆ ಬುಸ್ ಅಂತ ಉಕ್ಕಿ ಬರುತ್ತದೆ, ಅದರ ಜೊತೆ ಬರುವ ಗಾಳಿ ಮೂಗಿಗೆ ಹೊಡೆದರೆ ತಲೆ ತಿರುಗುತ್ತದೆ. ಬಾಗಿಲು ಕಿಟಕಿ ತೆಗೆಯದೆ ಈ ಕೆಲಸ ಮಾಡಬಾರದು, ಉಸಿರು ಕಟ್ಟುತ್ತದೆ. ಒಂದು ವಾರಕ್ಕೆ ಉಗುರಿನ ಸಂದಿ ನೇರಳೆ ಬಣ್ಣ. ಊರಿಗೆ ಬಂದಾಗ ಅವ್ವ ಕೈ ನೋಡಿ, "ನೇರಳೆಹಣ್ಣಿನ ಗಿಡ ಹತ್ತಿದ್ದೇನು, ಫೆಬ್ರುವರಿಯಾಗ?" ಅಂದಳು.

ಸಣ್ಣ ತೋಟ ಅಂದ್ರೆ ಎಷ್ಟು ಸಣ್ಣದು? ದೊಡ್ಡ ಕಂಪನಿ ವೈನಿಗಿಂತ ಚಲೋನಾ?

ಅಳತೆ ಯಾರೂ ಬರೆದಿಟ್ಟಿಲ್ಲ. ನನ್ನ ಲೆಕ್ಕದಲ್ಲಿ ಬಳ್ಳಿ ಸವರಿದ ಜನ, ಹಣ್ಣು ಕೊಯ್ದ ಜನ, ವೈನ್ ಮಾಡಿದ ಜನ ಎಲ್ಲರೂ ಒಂದೇ ಅಂಗಳದಲ್ಲಿ ಚಹಾ ಕುಡಿಯುವಂತಿದ್ದರೆ ಅದು ಸಣ್ಣ ತೋಟ. ಹಣ್ಣು ಹೊರಗಿಂದ ಲಾರಿಯಲ್ಲಿ ಬರುತ್ತಿದ್ದರೆ ಅದು ಬೇರೆ ಧಂದೆ. ಅದರಲ್ಲಿ ತಪ್ಪೇನಿಲ್ಲ, ಬೇರೆ ಅಷ್ಟೇ.

ಶಿರಾಜ್ ಮಟ್ಟಿಗೆ ಹೇಳಬೇಕಂದ್ರೆ ಪ್ರಪಂಚದಲ್ಲಿ ಇದರ ಅತಿ ದೊಡ್ಡ ಹೆಸರುಗಳಲ್ಲಿ ಒಂದಾದ ಫ್ರಾನ್ಸಿನ ಎರ್ಮಿತಾಜ್ ಗುಡ್ಡ ಇಡೀ ಸೇರಿದರೂ ಸುಮಾರು 140 ಹೆಕ್ಟೇರ್ ಮಾತ್ರ, ಅದರಲ್ಲೂ ಹಲವು ಒಡೆಯರು. ಪಕ್ಕದಲ್ಲೇ ಕಾರ್ನಾಸ್ ಅನ್ನುವ ಊರಿದೆ. ಅಲ್ಲಿಯ ವೈನ್ ಪೂರ್ತಿ ಸಿರಾ ಒಂದರದ್ದೇ ಇರಬೇಕು ಅಂತ ನಿಯಮ. ಗುಡ್ಡದ ಕಲ್ಲು ಗ್ರಾನೈಟ್, ಇಳಿಜಾರು ಎಷ್ಟು ಕಡಿದು ಅಂದ್ರೆ ಟ್ರ್ಯಾಕ್ಟರ್ ಹತ್ತುವುದಿಲ್ಲ, ಕೆಲಸ ಎಲ್ಲಾ ಕೈಯಲ್ಲೇ. ಚಿತ್ರದಲ್ಲಿ ಆ ಕಲ್ಲು ನೋಡಿದಾಗ ನನಗೆ ಗಂಗಾವತಿ ಕಡೆಯ ಬಂಡೆಗುಡ್ಡ ನೆನಪಾಯಿತು.

ನಮ್ಮ ಹತ್ತಿರದಲ್ಲಿ ಕೊಪ್ಪಳ ಜಿಲ್ಲೆಯ ಹಂಪಿ ಹಿಲ್ಸ್ ಭಾಗದಲ್ಲಿ ಕೃಸ್ಮಾ ಎಸ್ಟೇಟ್ಸ್ ಇದೆ, ಅವರು ತಮ್ಮದೇ ತೋಟದ ಹಣ್ಣಿನಿಂದ ಮಾಡುತ್ತಾರೆ, ಸಿರಾ ಕೂಡ ಇದೆ. ನಂದಿ ಬೆಟ್ಟದ ಸೀಮೆಯಲ್ಲಿ 1988ರಲ್ಲಿ ಶುರುವಾದ ಗ್ರೋವರ್ ಈಗ ದೊಡ್ಡದಾಗಿದೆ. ಅವರ ಲಾ ರಿಸರ್ವ್ ಕೆಂಪು ವೈನಿನಲ್ಲಿ ಕ್ಯಾಬರ್ನೆ ಅನ್ನುವ ಇನ್ನೊಂದು ಕಪ್ಪು ದ್ರಾಕ್ಷಿಯ ಜೊತೆ ಶಿರಾಜ್ ಇದೆ.

ಚಲೋನಾ ಅಂದ್ರೆ, ಸಣ್ಣದು ಅನ್ನುವ ಒಂದೇ ಕಾರಣಕ್ಕೆ ಯಾವುದೂ ಚಲೋ ಆಗಲ್ಲ. ದೊಡ್ಡ ಕಂಪನಿ ವರ್ಷವರ್ಷ ಒಂದೇ ರುಚಿ ಕೊಡುತ್ತದೆ, ಹತ್ತು ತೊಟ್ಟಿ ಬೆರೆಸಿ ಸರಿಮಾಡಿಕೊಳ್ಳುತ್ತದೆ. ಸಣ್ಣ ತೋಟಕ್ಕೆ ಆ ಸೌಲಭ್ಯವಿಲ್ಲ. ಕೊಯ್ಲಿನ ವಾರ ಅಕಾಲಿಕ ಮಳೆ ಬಂದರೆ ಆ ಮಳೆ ಬಾಟಲಿಯಲ್ಲೂ ಇರುತ್ತದೆ. ನಾನು ಎರಡನೇ ವರ್ಷ ತೊಟ್ಟಿ ಒತ್ತಿದ ವೈನ್ ಮೊದಲ ವರ್ಷದ್ದಕ್ಕಿಂತ ತೆಳ್ಳಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಯಾಕೆ ಹಾಗಾಯಿತು ಅಂತ ಕೇಳಿದರೆ ಹೇಳುವವರು ಅಲ್ಲಿ ಇದ್ದರು. ಯಾವ ಸಾಲಿನ ಹಣ್ಣಿಗೆ ಮಳೆ ತಾಗಿತ್ತು ಅನ್ನುವುದೂ ಗೊತ್ತಿತ್ತು. ಆ ಒಂದು ಕಾರಣಕ್ಕೆ ನನ್ನ ದುಡ್ಡು ಸಣ್ಣ ತೋಟದ ಕಡೆ ಹೋಗುತ್ತದೆ.

ನಮ್ಮ ಹೊಲದಲ್ಲಿ ಬೆಳೀಬಹುದಾ? ಮುಂಡರಗಿ ಕಡೆ ಮೂರು ಎಕರೆ ಇದೆ.

ಯಾವ ಭೂಮಿ ಅಂತ ಮೊದಲು ನೋಡಿ. ಗದಗದ ಎರೆ ಭೂಮಿ ಕಡಲೆ, ಜೋಳ, ಹತ್ತಿಗೆ ಬಂಗಾರ. ವೈನ್ ದ್ರಾಕ್ಷಿಗೆ ಅಷ್ಟು ಒಳ್ಳೆಯದಲ್ಲ, ಯಾಕಂದ್ರೆ ಎರೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಬಳ್ಳಿ ಕೊಬ್ಬುತ್ತದೆ, ಎಲೆ ಎಲೆ ಎಲೆ. ಮಸಾರಿ ಭೂಮಿ, ಅದರಲ್ಲೂ ಗರಸು ಇರುವ, ನೀರು ಬಸಿದು ಹೋಗುವ ಜಾಗ ಬೇಕು. ಬಳ್ಳಿ ಸ್ವಲ್ಪ ಕಷ್ಟಪಟ್ಟರೆ ಕಾಳು ಸಣ್ಣದಾಗುತ್ತದೆ, ಸಿಪ್ಪೆ ದಪ್ಪಗಾಗುತ್ತದೆ. ನೀರನ್ನು ಡ್ರಿಪ್‌ನಲ್ಲಿ ಅಳೆದು ಕೊಡಬೇಕು.

ಆಮೇಲೆ ಚಾಟನಿ. ಯುರೋಪಿನಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವರ್ಷಕ್ಕೆ ಒಂದು ಸಲ ಸವರಿದರೆ ಸಾಕು. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ಏಪ್ರಿಲ್ ಸುಮಾರಿಗೆ ಒಂದು ಚಾಟನಿ, ಅದು ಕಡ್ಡಿ ಬೆಳೆಸೋಕೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು, ಅದು ಹಣ್ಣಿಗೆ. ಫೆಬ್ರುವರಿ-ಮಾರ್ಚಿಗೆ ಕೊಯ್ಲು. ಎರಡು ಸಲ ಸವರಿ ಒಂದೇ ಬೆಳೆ. ಮಳೆಗಾಲದ ತೇವದಲ್ಲಿ ಹಣ್ಣು ಇರಬಾರದು ಅನ್ನುವುದೇ ಇದರ ಉಪಾಯ. ಗಿಡ ಹಚ್ಚುವಾಗ ಕಸಿ ಕಟ್ಟಿದ್ದೇ ಹಚ್ಚಬೇಕು. ಕೆಳಗೆ ಡಾಗ್‌ರಿಡ್ಜ್ ಥರದ ಗಟ್ಟಿ ಬೇರು, ಮೇಲೆ ಶಿರಾಜ್. ಆಪೂಸ್ ಮಾವಿನ ಕಸಿ ನೋಡಿದ ಧಾರವಾಡದವರಿಗೆ ಇದು ಹೊಸದೇನಲ್ಲ.

ರೋಗಕ್ಕೆ ಔಷಧಿ ಹೊಡೆಯುವುದು ತಪ್ಪಲ್ಲ. ಹಾನಗಲ್ಲಿನ ಅಡಿಕೆ ಬೆಳೆಗಾರರು ಮಳೆಗಾಲಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದು ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ. ಫ್ರಾನ್ಸಿನ ಬೋರ್ಡೋದಲ್ಲಿ ದಾರಿಹೋಕರು ಹಣ್ಣು ಕದಿಯದಿರಲಿ ಅಂತ ರಸ್ತೆ ಪಕ್ಕದ ಸಾಲಿಗೆ ಆ ನೀಲಿ ನೀರು ಹಚ್ಚುತ್ತಿದ್ದರು. ಆ ಸಾಲುಗಳಿಗೆ ಮಾತ್ರ ಬೂಜು ರೋಗ ಬರಲಿಲ್ಲ ಅನ್ನುವುದನ್ನು ಮಿಲಾರ್ಡೆ ಅನ್ನುವ ವಿಜ್ಞಾನಿ ಗಮನಿಸಿದರು. 1885ರಲ್ಲಿ ಅದು ಔಷಧಿಯಾಗಿ ಹೊರಬಂತು. ಕಳ್ಳರಿಂದ ಅಡಿಕೆಗೆ ಉಪಕಾರ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕೊಳ್ಳುವ ವೈನರಿ ಬರೆದುಕೊಡದೆ ಒಂದು ಬಳ್ಳಿಯೂ ಹಚ್ಚಬೇಡಿ. ಈ ಹಣ್ಣು ಸಂತೆಯಲ್ಲಿ ಮಾರಾಟವಾಗಲ್ಲ. ಬೀಜ ತುಂಬಿದ ಸಣ್ಣ ಕಾಳು ಯಾರು ತಿಂತಾರೆ? ಇಳುವರಿಯೂ ಕಡಿಮೆ, ಒಳ್ಳೆಯ ಕೆಂಪು ವೈನ್ ಬೇಕಾದವರು ಎಕರೆಗೆ ಮೂರ್ನಾಲ್ಕು ಟನ್ನಿಗೇ ನಿಲ್ಲಿಸುತ್ತಾರೆ, ಹೆಚ್ಚಿನ ಗೊನೆ ಹಸಿರಿದ್ದಾಗಲೇ ಕತ್ತರಿಸಿ ನೆಲಕ್ಕೆ ಹಾಕುತ್ತಾರೆ. ಅದನ್ನು ನೋಡಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಜ್ಜ ಒಬ್ಬರು ಇಡೀ ದಿನ ಯಾರ ಜೊತೆಯೂ ಮಾತಾಡಲಿಲ್ಲ.

ಸಿಹಿ ಇರ್ತದೇನು?

ಇಲ್ಲ. ಸಕ್ಕರೆ ಎಲ್ಲಾ ಯೀಸ್ಟ್ ತಿಂದು ಮುಗಿಸಿರುತ್ತದೆ. ನೀವು ಹಿಂದೆ ಕುಡಿದದ್ದು ಸಿಹಿ ಇತ್ತು ಅಂದ್ರೆ ಅದು ಬಹುಶಃ ಗೋವಾದಿಂದ ಬಂದ ಪೋರ್ಟ್ ಅನ್ನುವ ಸಿಹಿ ವೈನ್. ಅದರ ಲೆಕ್ಕವೇ ಬೇರೆ.

ಒಂದು ಗುಟುಕಿಗೇ ಬಾಯಿ ಒಣಗಿತು, ನಾಲಿಗೆ ಹಿಡಿದ ಹಾಗಾಯಿತು. ಕೆಟ್ಟು ಹೋಗಿದೆಯಾ?

ಕೆಟ್ಟಿಲ್ಲ, ಅದು ಒಗರು. ಇಂಗ್ಲಿಷಿನವರು ಟ್ಯಾನಿನ್ ಅಂತ ಹೇಳಿ ಅರ್ಧ ಗಂಟೆ ವಿವರಿಸುತ್ತಾರೆ. ನಮಗೆ ಒಂದೇ ಪದ ಸಾಕು. ನೇರಳೆಹಣ್ಣು ತಿಂದಾಗ, ಹಸಿ ಅಡಿಕೆ ಅಗಿದಾಗ, ಬಹಳ ಕುದಿಸಿದ ಕರಿ ಚಹಾ ಕುಡಿದಾಗ ಆಗುವುದೇ ಇದು. ಒಗರಿನ ಅಂಶ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಎಂಜಲಿನ ಜಾರುವ ಗುಣ ಹೋಗುತ್ತದೆ, ಬಾಯಿ ಒಣಗಿದಂತೆ ಅನ್ನಿಸುತ್ತದೆ. ಹೊಸ ಶಿರಾಜಿನಲ್ಲಿ ಇದು ಜಾಸ್ತಿ. ಬಾಟಲಿ ತೆರೆದು ಅಗಲ ಬಾಯಿಯ ಜಗ್ಗಿಗೆ ಸುರಿದು ಮುಕ್ಕಾಲು ಗಂಟೆ ಬಿಡಿ, ಗಾಳಿ ತಾಗಿದರೆ ಸ್ವಲ್ಪ ಮೆತ್ತಗಾಗುತ್ತದೆ. ಇಲ್ಲಾ ಒಂದು ತುಂಡು ಬೆಣ್ಣೆ ಹಚ್ಚಿದ ರೊಟ್ಟಿ ತಿಂದು ಇನ್ನೊಂದು ಗುಟುಕು ಕುಡಿದು ನೋಡಿ, ಅದೇ ವೈನ್ ಬೇರೆಯದೇ ಅನ್ನಿಸುತ್ತದೆ.

ನಿಜವಾಗಿ ಕೆಟ್ಟ ವೈನ್ ಬೇರೆ ಥರ ಗೊತ್ತಾಗುತ್ತದೆ. ಮಳೆಗಾಲದಲ್ಲಿ ನೆನೆದ ಗೋಣಿಚೀಲದ ವಾಸನೆ ಬಂದರೆ ಬಿರಡೆಯಿಂದ ಬಂದ ದೋಷ. ವಿನೆಗರ್ ಹಾಗೆ ಮೂಗು ಚುಚ್ಚಿದರೆ ಮುಗಿಯಿತು, ಚೆಲ್ಲಿ.

ಕರಿಮೆಣಸಿನ ವಾಸನೆ ಬರುತ್ತೆ ಅಂತಾರೆ. ನನಗೆ ಏನೂ ಬರ್ತಿಲ್ಲ.

ನಿಮ್ಮ ಮೂಗಿನ ಮೇಲೆ ಸಂಶಯ ಬೇಡ, ಅಥವಾ ಸ್ವಲ್ಪ ಇರಲಿ. ಶಿರಾಜಿನಲ್ಲಿ ರೊಟುಂಡೋನ್ ಅನ್ನುವ ಅಂಶ ಇರುತ್ತದೆ. ಶಿರಾಜಿನ ಮೆಣಸಿನ ವಾಸನೆಗೆ ಇದೇ ಕಾರಣ ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಶಿರಸಿ ಕಾಳುಮೆಣಸಿನಲ್ಲಿ ಇರುವುದೂ ಅದೇ. ಮಜಾ ಏನಂದ್ರೆ, ಐವರಲ್ಲಿ ಒಬ್ಬರಿಗೆ ಆ ವಾಸನೆ ಗೊತ್ತೇ ಆಗುವುದಿಲ್ಲ ಅಂತಲೂ ಅವರೇ ಕಂಡುಕೊಂಡರು. ಅಲ್ಲದೆ ತಂಪು ಜಾಗದ ಹಣ್ಣಿನಲ್ಲಿ ಇದು ಜಾಸ್ತಿ, ಬಿಸಿಲು ಸೀಮೆಯಲ್ಲಿ ಕಡಿಮೆ. ನಮ್ಮ ಕಡೆಯ ಶಿರಾಜಿನಲ್ಲಿ ನನಗಂತೂ ಮೆಣಸಿಗಿಂತ ನೇರಳೆಹಣ್ಣೇ ಮುಂದೆ ಬರುತ್ತದೆ. ಬಾಟಲಿಯ ಹಿಂದೆ ಬ್ಲ್ಯಾಕ್‌ಬೆರಿ, ಪ್ಲಮ್ ಅಂತ ಬರೆದಿರುತ್ತಾರೆ. ಬ್ಲ್ಯಾಕ್‌ಬೆರಿ ನಾನು ತಿಂದೇ ಇಲ್ಲ. ನೀವೂ ನಿಮಗೆ ಗೊತ್ತಿರುವ ಹಣ್ಣಿನ ಹೆಸರನ್ನೇ ಹೇಳಿ, ಯಾರೂ ಬೈಯಲ್ಲ.

ಸಾವಜಿ ಊಟದ ಜೊತೆ ಹೊಂದುತ್ತಾ?

ಹೊಂದಲ್ಲ. ಇದನ್ನು ಕೇಳಿ ನನ್ನ ಹುಬ್ಬಳ್ಳಿ ದೋಸ್ತರು ಮುಖ ಸಣ್ಣ ಮಾಡುತ್ತಾರೆ, ಆದರೂ ಹೊಂದಲ್ಲ. ಖಾರದ ಉರಿಯನ್ನು ಮದ್ಯ ಇನ್ನೂ ಹೆಚ್ಚಿಸುತ್ತದೆ, ಉರಿಯುವ ಬಾಯಿಗೆ ಒಗರು ಕಹಿಯಾಗಿ ಕಾಣುತ್ತದೆ. ಸಾವಜಿ ಮಟನ್ ಕೆಡುವುದಿಲ್ಲ, ಅದನ್ನು ಕೆಡಿಸೋಕೆ ಯಾರಿಂದಲೂ ಆಗಲ್ಲ, ವೈನ್ ಮಾತ್ರ ಸತ್ತು ಹೋಗುತ್ತದೆ. ರಂಜಕ, ಮಿರ್ಚಿ ಭಜಿ ಕಥೆಯೂ ಅಷ್ಟೇ.

ಹೊಂದುವುದು ಯಾವುದು ಅಂದ್ರೆ ಜೋಳದ ರೊಟ್ಟಿ, ಖಾರ ಕಡಿಮೆ ಹಾಕಿ ಮಾಡಿದ ಬದನೆಕಾಯಿ ಎಣ್ಣೆಗಾಯಿ. ಅದರಲ್ಲಿರುವ ಶೇಂಗಾ, ಎಳ್ಳು, ಎಣ್ಣೆ ಒಗರನ್ನು ನುಂಗಿಕೊಳ್ಳುತ್ತವೆ. ಗುರೆಳ್ಳು ಚಟ್ನಿಗೆ ಮೊಸರು ಕಲಸಿಕೊಂಡರೆ ಅದೂ ನಡೆಯುತ್ತದೆ. ಮಾಂಸ ತಿನ್ನುವವರು ಕಾಳುಮೆಣಸಿನ ಒಣ ಮಟನ್ ಮಾಡಿಕೊಳ್ಳಿ. ಪೇಡೆ ಜೊತೆ ಮಾತ್ರ ಬೇಡವೇ ಬೇಡ. ಸಿಹಿ ತಿಂದ ಬಾಯಿಗೆ ಈ ವೈನ್ ಹುಣಸೆ ನೀರು.

ಫ್ರಿಜ್ಜಿನಲ್ಲಿ ಇಡಬೇಕಾ? ಕೆಂಪು ವೈನನ್ನು ರೂಮಿನ ಬಿಸಿಯಲ್ಲೇ ಕುಡೀಬೇಕು ಅಂತಾರಲ್ಲ?

ಆ ಮಾತು ಹೇಳಿದವರ ರೂಮು ಯುರೋಪಿನದು, 16-18 ಡಿಗ್ರಿ. ಏಪ್ರಿಲಿನಲ್ಲಿ ಹುಬ್ಬಳ್ಳಿಯ ರೂಮು ಯಾವ ಲೆಕ್ಕ? ಕುಡಿಯುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬಿಸಿ ವೈನ್ ಕುಡಿದರೆ ಬರೀ ಸ್ಪಿರಿಟ್ ವಾಸನೆ.

ನಾನು ಮೊದಲ ಸುಗ್ಗಿ ಮುಗಿಸಿ ಎರಡು ಬಾಟಲಿ ತಂದಿದ್ದೆ. ಅಪ್ಪನ ಕಣ್ಣಿಗೆ ಬೀಳಬಾರದು ಅಂತ ಅಡುಗೆಮನೆಯ ಅಟ್ಟದ ಮೇಲೆ ಹಳೇ ಹಂಡೆಯ ಹಿಂದೆ ಇಟ್ಟೆ. ಕೆಳಗೆ ಒಲೆ, ಮೇಲೆ ತಗಡು. ಮೇ ತಿಂಗಳಲ್ಲಿ ಹತ್ತಿ ನೋಡಿದರೆ ಒಂದರ ಬಿರಡೆ ಅರ್ಧ ಇಂಚು ಮೇಲೆದ್ದಿತ್ತು, ಬಾಟಲಿ ಮೈಯೆಲ್ಲ ಅಂಟು, ಇರುವೆ ಸಾಲು. ಒಳಗಿನದು ಬೆಲ್ಲ ಸೀದ ವಾಸನೆ ಬರುತ್ತಿತ್ತು. ಕದ್ದಿಟ್ಟದ್ದಕ್ಕೆ ಶಿಕ್ಷೆ. ಇನ್ನೊಮ್ಮೆ ಒಂದು ಅಂಗಡಿಯಲ್ಲಿ ಬಿಸಿಲು ಬೀಳುವ ಗಾಜಿನ ಕಪಾಟಿನಿಂದ ತೆಗೆದುಕೊಟ್ಟ ಬಾಟಲಿಯದೂ ಇದೇ ಗತಿ. ಈಗ ನಾನು ಅಂಗಡಿಯಲ್ಲಿ ಬೆಲೆಗಿಂತ ಮೊದಲು ಬಾಟಲಿ ಎಲ್ಲಿ ನಿಂತಿದೆ ನೋಡುತ್ತೇನೆ.

ಬಹಳ ದಿನ ಇಡುವುದಾದರೆ ಮನೆಯ ಅತಿ ತಂಪು, ಕತ್ತಲೆ ಮೂಲೆ ಹುಡುಕಿ. ಮರದ ಬಿರಡೆ ಇದ್ದರೆ ಅಡ್ಡ ಮಲಗಿಸಿ, ಬಿರಡೆ ಒಣಗಬಾರದು. ತಿರುಗಿಸುವ ಮುಚ್ಚಳ ಇದ್ದರೆ ಹೇಗಿಟ್ಟರೂ ನಡೆಯುತ್ತದೆ. ಅಂದಹಾಗೆ ತಿರುಗಿಸುವ ಮುಚ್ಚಳ ಅಂದ್ರೆ ಅಗ್ಗದ ವೈನ್ ಅಂತಲ್ಲ. ತೆರೆದ ಬಾಟಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ, ಬಹಳ ಅಂದ್ರೆ ನಾಲ್ಕು.

ಹಳೇದಾದಷ್ಟು ಚಲೋ ಅಂತಾರೆ?

ಎಲ್ಲಾ ಹಾಗಲ್ಲ. ಪ್ರಪಂಚದ ಬಹುಪಾಲು ವೈನ್ ಎರಡು ಮೂರು ವರ್ಷದೊಳಗೆ ಕುಡಿಯಲೆಂದೇ ಮಾಡಿದ್ದು. ಗಟ್ಟಿ ಶಿರಾಜ್ ಐದಾರು ವರ್ಷ ತಡೆದೀತು, ಅದೂ ತಂಪಿನಲ್ಲಿ ಇಟ್ಟರೆ. ನಮ್ಮ ಮನೆಗಳಲ್ಲಿ ಆ ತಂಪಿಲ್ಲ. ಸುಮ್ನೆ ಕುಡಿದುಬಿಡಿ.

ತಳದಲ್ಲಿ ಗಸಿ ಇದೆ, ಬಿರಡೆಗೆ ಸಕ್ಕರೆ ಹರಳಿನಂಥದ್ದು ಅಂಟಿದೆ. ಕಲಬೆರಕೆನಾ?

ಗಸಿ ಅಂದ್ರೆ ಜಾಸ್ತಿ ಸೋಸಿಲ್ಲ ಅಂತ. ಸಣ್ಣ ತೋಟದವರು ಹಲವರು ಬೇಕಂತಲೇ ಸೋಸುವುದಿಲ್ಲ. ಮೆಲ್ಲಗೆ ಬಗ್ಗಿಸಿ, ಕೊನೆಯ ಎರಡು ಬೆರಳು ಬಿಟ್ಟುಬಿಡಿ. ಹರಳು ಟಾರ್ಟಾರಿಕ್ ಆಮ್ಲದ್ದು. ದ್ರಾಕ್ಷಿಯ ಹುಳಿ ಅದೇ, ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ. ಏನೂ ಆಗಲ್ಲ.

ವೆಜ್ಜಾ?

ನಮ್ಮ ಅತ್ತೆ ಕೇಳಿದ ಪ್ರಶ್ನೆ ಇದು. ನಗಬೇಡಿ, ಒಳ್ಳೆಯ ಪ್ರಶ್ನೆ. ದ್ರಾಕ್ಷಿ, ಯೀಸ್ಟ್ ಇಷ್ಟೇ ಆದರೆ ವೆಜ್. ಆದರೆ ವೈನ್ ತಿಳಿಯಾಗಲಿ, ಒಗರು ತಗ್ಗಲಿ ಅಂತ ಕೆಲವರು ಮೊಟ್ಟೆಯ ಬಿಳಿ, ಪ್ರಾಣಿಗಳ ಚರ್ಮ-ಮೂಳೆಯಿಂದ ಮಾಡಿದ ಜೆಲಾಟಿನ್, ಮೀನಿನಿಂದ ತೆಗೆದ ಒಂದು ಅಂಟು ಬಳಸುತ್ತಾರೆ. ಆಮೇಲೆ ಅದನ್ನು ತಳಕ್ಕೆ ಇಳಿಸಿ ತೆಗೆದುಹಾಕುತ್ತಾರೆ, ಆದರೂ ಬಳಸಿದ್ದು ಬಳಸಿದ್ದೇ. ಬೆಂಟೋನೈಟ್ ಅನ್ನುವ ಮಣ್ಣಿನಲ್ಲೂ ತಿಳಿ ಮಾಡಬಹುದು, ಅದು ವೆಜ್. ತೋಟದವರನ್ನು ನೇರವಾಗಿ ಕೇಳಿ, ಸಣ್ಣ ತೋಟ ಇರುವುದೇ ಅದಕ್ಕೆ. ಅತ್ತೆ ಉತ್ತರ ಕೇಳಿ ಗೋಣು ಹಾಕಿದರು, ಗ್ಲಾಸು ಮಾತ್ರ ಮುಟ್ಟಲಿಲ್ಲ.

ಹೃದಯಕ್ಕೆ ಒಳ್ಳೇದಂತೆ? ಡಾಕ್ಟರೇ ಹೇಳ್ತಾರಂತೆ?

ಈ ಮಾತು ಜೋರಾಗಿ ಹಬ್ಬಿದ್ದು 1991ರಲ್ಲಿ, ಬೆಣ್ಣೆ ಚೀಸ್ ತಿಂದರೂ ಫ್ರೆಂಚರಿಗೆ ಹೃದಯರೋಗ ಕಡಿಮೆ ಅಂತ ಅಮೆರಿಕದ ಟಿವಿಯಲ್ಲಿ ಬಂದ ಮೇಲೆ. ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಅನ್ನುವ ಅಂಶ ಕಾರಣ ಅಂದರು. ಅದು ವೈನಿನಲ್ಲಿ ಇರುವ ಪ್ರಮಾಣ ತೀರಾ ಸಣ್ಣದು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಅಂತ ನೇರವಾಗಿ ಹೇಳಿದೆ. ಮದ್ಯ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿದೆ. ವೈನ್ ಮದ್ಯವೇ, 13-14 ಶೇಕಡಾ ಇರುವ ಮದ್ಯ. ಹಾಗಾಗಿ ಔಷಧಿ ಅಂತ ಮನೆಯವರಿಗೆ ಸುಳ್ಳು ಹೇಳಬೇಡಿ. ಕುಡಿಯದವರು ಇದಕ್ಕಾಗಿ ಶುರು ಮಾಡಬೇಡಿ. ಕುಡಿದು ಗಾಡಿ ಮುಟ್ಟಬೇಡಿ. ಬಸುರಿಯರು, ಲಿವರ್ ತೊಂದರೆ ಇರುವವರು, ಮಾತ್ರೆ ತಗೊಳ್ಳುವವರು ದೂರ ಇರಿ. ರುಚಿಗೆ ಕುಡಿಯುವುದಾದರೆ ರುಚಿಗೆ ಅಂತ ಒಪ್ಪಿಕೊಂಡು ಒಂದು ಗ್ಲಾಸಿಗೆ ನಿಲ್ಲಿಸಿ.

ಮನೆಯಲ್ಲೇ ಮಾಡಬಹುದಾ? ಯೂಟ್ಯೂಬಿನಲ್ಲಿ ತೋರಿಸ್ತಾರೆ.

ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಅಪರಾಧ. ಯೂಟ್ಯೂಬಿಗೆ ಇದು ಗೊತ್ತಿಲ್ಲ. ದ್ರಾಕ್ಷಿ ಜಾಸ್ತಿ ಇದ್ದರೆ ಶರಬತ್ ಮಾಡಿ.

ಒಂದು ಬಾಟಲಿಗೆ ಯಾಕೆ ಇಷ್ಟು ರೇಟು?

750 ಎಂಎಲ್ ಬಾಟಲಿಗೆ ಒಂದು ಕಿಲೋಕ್ಕೂ ಸ್ವಲ್ಪ ಜಾಸ್ತಿ ಹಣ್ಣು ಬೇಕು. ಹಣ್ಣಿನ ಬೆಲೆ ಅಷ್ಟೇನಿಲ್ಲ. ಹುದುಗಿದ ವೈನನ್ನು ಮಾಗಲು ಇಡುವ ಓಕ್ ಮರದ ಪೀಪಾಯಿ ನೋಡಿ. ಫ್ರಾನ್ಸಿನಿಂದ ತರಿಸಿದ 225 ಲೀಟರಿನ ಹೊಸ ಪೀಪಾಯಿ ಹತ್ತಿರತ್ತಿರ ಲಕ್ಷ ರೂಪಾಯಿ. ಅದರಲ್ಲಿ ಹಿಡಿಯುವುದು 300 ಬಾಟಲಿ. ಒಂದೇ ಸಲ ಬಳಸಿದರೆ ಬಾಟಲಿಗೆ 330 ರೂಪಾಯಿ ಬರೀ ಮರಕ್ಕೆ. ಅದಕ್ಕೇ ಮೂರು ನಾಲ್ಕು ವರ್ಷ ಬಳಸುತ್ತಾರೆ, ಪ್ರತಿ ವರ್ಷ ಮರದ ರುಚಿ ಕಡಿಮೆಯಾಗುತ್ತಾ ಹೋಗುತ್ತದೆ. ಆಮೇಲೆ ಬಿರಡೆ, ಗಾಜು, ವರ್ಷಗಟ್ಟಲೆ ಕಾಯುವ ಬಡ್ಡಿ, ತೆರಿಗೆ, ಅಂಗಡಿಯವರ ಪಾಲು. ಮುಂದಿನ ಲೇಬಲ್ಲಿನ ರಿಸರ್ವ್ ಅನ್ನುವ ಪದಕ್ಕೆ ಮಾತ್ರ ಜಾಸ್ತಿ ದುಡ್ಡು ಕೊಡಬೇಡಿ. ಸ್ಪೇನಿನಲ್ಲಿ ರಿಸರ್ವಾ ಅಂದ್ರೆ ಕೆಂಪು ವೈನಿಗೆ ಮೂರು ವರ್ಷ, ಅದರಲ್ಲಿ ಒಂದು ವರ್ಷ ಪೀಪಾಯಿ ಅಂತ ಕಾನೂನಿದೆ. ಎಲ್ಲಾ ಕಡೆ ಅಂಥ ಕಾನೂನಿಲ್ಲ.

ಇಲ್ಲಿ ಎಲ್ಲಿ ಸಿಗುತ್ತೆ?

ನಮ್ಮಲ್ಲಿ ವೈನ್ ಶಾಪ್ ಅಂತ ಬೋರ್ಡ್ ಇರುವ ಅಂಗಡಿಯಲ್ಲಿ ವೈನ್ ಒಂದು ಬಿಟ್ಟು ಎಲ್ಲಾ ಸಿಗುತ್ತದೆ. ಇದ್ದರೂ ಮೇಲಿನ ಖಾನೆಯಲ್ಲಿ ಧೂಳು ಹಿಡಿದ ನಾಲ್ಕು ಬಾಟಲಿ. ರಾಜ್ಯದಲ್ಲಿ 2007ರಲ್ಲಿ ವೈನ್ ನೀತಿ ಬಂದ ಮೇಲೆ ವೈನಿಗೇ ಮೀಸಲಾದ ಅಂಗಡಿಗಳಿಗೂ ದಾರಿಯಾಯಿತು, ದೊಡ್ಡ ಊರುಗಳಲ್ಲಿ ಕೆಲವು ಇವೆ. ರಾಜ್ಯದ ವೈನ್ ಮಂಡಳಿಯವರು ಆಗಾಗ ದ್ರಾಕ್ಷಾರಸ ಉತ್ಸವ ನಡೆಸುತ್ತಾರೆ, ಅಲ್ಲಿ ತೋಟದವರೇ ನಿಂತಿರುತ್ತಾರೆ, ರುಚಿ ನೋಡಿ ಕೊಳ್ಳಬಹುದು. ಲೇಬಲ್ಲಿನಲ್ಲಿ ದ್ರಾಕ್ಷಿಯ ಹೆಸರು, ಕೊಯ್ಲಿನ ವರ್ಷ, ಯಾವ ಊರಿನ ತೋಟ, ಈ ಮೂರೂ ಇದ್ದರೆ ನಾನು ಎತ್ತಿಕೊಳ್ಳುತ್ತೇನೆ.

ಖಾಲಿ ಬಾಟಲಿ ಏನು ಮಾಡ್ಲಿ? ಚಂದ ಇದೆ, ಒಗೆಯೋಕೆ ಮನಸ್ಸು ಬರಲ್ಲ.

ಅಟ್ಟದ ಮೇಲೆ ಉಳಿದಿತ್ತಲ್ಲ ಎರಡನೇ ಬಾಟಲಿ, ಅದು ಹೇಗೋ ಬದುಕಿತ್ತು. ಖಾಲಿಯಾದ ಮೇಲೆ ಅವ್ವ ಒಂದು ಮಾತೂ ಆಡದೆ ಒಯ್ದು, ಬಿಸಿನೀರಿನಲ್ಲಿ ತೊಳೆದು, ಲೇಬಲ್ ಕೆರೆದು ತೆಗೆದು, ಗಾಣದ ಕುಸುಬೆ ಎಣ್ಣೆ ತುಂಬಿಸಿ ಒಲೆಯಿಂದ ದೂರ ಇಟ್ಟಳು. ಕಡುಹಸಿರು ಗಾಜು ಬೆಳಕು ತಡೆಯುತ್ತದೆ, ಎಣ್ಣೆ ಬೇಗ ಕಮಟಾಗುವುದಿಲ್ಲ. ಈಗ ನಾನು ತೋಟಕ್ಕೆ ಹೊರಟರೆ ಅವಳೇ ಕೇಳುತ್ತಾಳೆ, "ಬರೂವಾಗ ಖಾಲಿ ಬಾಟ್ಲಿ ಇದ್ರ ಎರಡು ತಗೊಂಡ್ ಬಾ."